ಪೆಡಲಿನಿಂದ ಗೇರ್‌ಬಾಕ್ಸ್‌ಗೆ ಒಂದು ಸರಳು: ಹಳೆಯ ಆಟೊಮ್ಯಾಟಿಕ್‌ಗಳಲ್ಲಿ ಕಿಕ್‌ಡೌನ್ ಕೊಂಡಿಯ ಚರಿತ್ರೆ

ಅಮೆರಿಕದ ಜನರಲ್ ಮೋಟಾರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾ-ಮ್ಯಾಟಿಕ್ ಗೇರ್‌ಬಾಕ್ಸನ್ನು ಮಾರಾಟಕ್ಕಿಟ್ಟಾಗ ಅದಕ್ಕೆ ತೆರಬೇಕಿದ್ದ ಹೆಚ್ಚುವರಿ ಬೆಲೆ 57 ಡಾಲರ್. ಅರ್ಲ್ ಥಾಂಪ್ಸನ್ ಮುಂದಾಳತ್ವದಲ್ಲಿ ರೂಪುಗೊಂಡ ಆ ಪೆಟ್ಟಿಗೆಯಲ್ಲಿ ನಾಲ್ಕು ಗೇರುಗಳಿದ್ದವು, ಕ್ಲಚ್ ಪೆಡಲ್ ಇರಲಿಲ್ಲ. ಗಿರಾಕಿಗಳ ಕಣ್ಣಿಗೆ ಬಿದ್ದದ್ದು ಇಲ್ಲದ ಆ ಪೆಡಲ್. ಕಣ್ಣಿಗೆ ಬೀಳದೆ ಉಳಿದದ್ದು ಎಂಜಿನ್ನಿನ ಥ್ರಾಟಲ್‌ನಿಂದ ಗೇರ್‌ಬಾಕ್ಸಿನ ಪಕ್ಕದ ಸಣ್ಣ ಸನ್ನೆಯವರೆಗೆ ಹೋಗಿದ್ದ ಒಂದು ತೆಳು ಸರಳು. ಗೇರ್ ಯಾವಾಗ ಬದಲಾಗಬೇಕೆಂಬ ತೀರ್ಮಾನದಲ್ಲಿ ಅರ್ಧ ಪಾಲು ಆ ಸರಳಿನದು.

ಉಳಿದರ್ಧ ವೇಗದ್ದು. ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ಗೇರ್‌ಬಾಕ್ಸಿನ ಎಲ್ಲ ಲೆಕ್ಕಾಚಾರವೂ ತೈಲದ ಒತ್ತಡದಲ್ಲೇ ನಡೆಯಬೇಕಿತ್ತು. ಚಕ್ರಗಳತ್ತ ಹೋಗುವ ಔಟ್‌ಪುಟ್ ಶಾಫ್ಟಿನಿಂದ ತಿರುಗುವ ಗವರ್ನರ್, ಕಾರು ವೇಗ ಪಡೆದಂತೆಲ್ಲ ಹೆಚ್ಚುವ ಒಂದು ಒತ್ತಡವನ್ನು ಹುಟ್ಟಿಸುತ್ತದೆ. ಸರಳು ಅಥವಾ ಕೇಬಲ್ ಒತ್ತುವ ಥ್ರಾಟಲ್ ವಾಲ್ವ್, ಚಾಲಕ ಪೆಡಲ್ ತುಳಿದಂತೆಲ್ಲ ಹೆಚ್ಚುವ ಇನ್ನೊಂದನ್ನು. ಶಿಫ್ಟ್ ವಾಲ್ವಿನ ಎರಡು ತುದಿಗಳಲ್ಲಿ ಇವೆರಡೂ ಟಗರುಗಳಂತೆ ಹಾಯುತ್ತವೆ. ಥ್ರಾಟಲ್ ಕಡೆಗೆ ಒಂದು ಸ್ಪ್ರಿಂಗಿನ ಬೆಂಬಲವೂ ಇರುತ್ತದೆ. ಗವರ್ನರ್ ಗೆದ್ದರೆ ಮೇಲಿನ ಗೇರು. ಮೆಲ್ಲಗೆ ತುಳಿದಾಗ ಅದು ಬೇಗ ಗೆಲ್ಲುತ್ತದೆ, ಬಲವಾಗಿ ತುಳಿದಾಗ ತಡವಾಗಿ. ಪೆಡಲನ್ನು ಪೂರ್ತಿ ನೆಲಕ್ಕೆ ಒತ್ತಿದರೆ ಕಿಕ್‌ಡೌನ್ ವಾಲ್ವ್ ಹೊಸ ದಾರಿಯೊಂದನ್ನು ತೆರೆದು ಥ್ರಾಟಲ್ ಕಡೆಗೆ ಇನ್ನಷ್ಟು ಒತ್ತಡ ಹರಿಸುತ್ತದೆ. ಆಗ ಗೆದ್ದಿದ್ದ ಗವರ್ನರ್ ಹಿಂದೆ ಸರಿದು, ಕಾರು ಕೆಳಗಿನ ಗೇರಿಗೆ ಇಳಿದು ಮುನ್ನುಗ್ಗುತ್ತದೆ. ವೇಗ ಅತಿಯಾಗಿದ್ದರೆ ಗವರ್ನರ್ ಮಣಿಯುವುದಿಲ್ಲ. ಎಂಜಿನ್ ಮಿತಿಮೀರಿ ಸುತ್ತದಂತೆ ಅದೇ ಕಾವಲು.

ಎಲ್ಲ ತಯಾರಕರೂ ಈ ಹಾದಿ ಹಿಡಿಯಲಿಲ್ಲ. 1948ರ ಬ್ಯೂಕ್ ಡೈನಾಫ್ಲೋದಲ್ಲಿ ಗೇರುಗಳು ತಾವಾಗಿ ಬದಲಾಗುತ್ತಲೇ ಇರಲಿಲ್ಲ, ಎಲ್ಲ ಹೊಣೆಯೂ ತೈಲದ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರಿನದು. 1950ರ ಷೆವರ್ಲೆ ಪವರ್‌ಗ್ಲೈಡ್ ಕೂಡ ಮೊದಲಿಗೆ ಹಾಗೆಯೇ ಇತ್ತು. ಕೆಳಗಿನ ಗೇರಿನಲ್ಲಿ ಹೊರಟು ತಾನೇ ಮೇಲಕ್ಕೇರುವುದನ್ನು ಅದು ಕಲಿತದ್ದು 1953ರಲ್ಲಿ.

ಈ ಸರಳಿನ ಮೇಲೆ ಎಲ್ಲರಿಗಿಂತ ಹೆಚ್ಚು ಭಾರ ಹೊರಿಸಿದ್ದು ಕ್ರೈಸ್ಲರ್. 1956ರಲ್ಲಿ ಬಂದ ಮೂರು ಗೇರಿನ ಟಾರ್ಕ್‌ಫ್ಲೈಟ್‌ನಲ್ಲಿ, 1962ರಿಂದ ಅದರ ಅಲ್ಯೂಮಿನಿಯಂ ರೂಪವಾದ ಎ-727ರಲ್ಲಿ, ಎಂಜಿನ್ ಎಷ್ಟು ದುಡಿಯುತ್ತಿದೆ ಎಂದು ಗೇರ್‌ಬಾಕ್ಸಿಗೆ ತಿಳಿಸುವ ಬೇರೆ ಸಾಧನವೇ ಇರಲಿಲ್ಲ. ಗೇರ್ ಬದಲಾಗುವ ಹೊತ್ತು, ಬದಲಾವಣೆಯ ಗಡಸುತನ, ಅರ್ಧ ತುಳಿತದಲ್ಲೇ ಕೆಳಗಿಳಿಯುವ ಚುರುಕು, ಮೂರೂ ಅದರ ಕೈಯಲ್ಲಿ. ಎಲ್ಲಕ್ಕಿಂತ ಮುಖ್ಯವಾಗಿ, ಪೆಟ್ಟಿಗೆಯೊಳಗೆ ಗೇರುಗಳನ್ನು ಹಿಡಿದಿಡುವ ಕ್ಲಚ್ ಮತ್ತು ಬ್ಯಾಂಡುಗಳನ್ನು ಬಿಗಿಹಿಡಿಯುವ ಮುಖ್ಯ ತೈಲ ಒತ್ತಡವೂ ಅದನ್ನೇ ಅನುಸರಿಸುತ್ತಿತ್ತು. ಎ-727ರ ಒತ್ತಡ ಪರೀಕ್ಷೆಯಲ್ಲಿ ಥ್ರಾಟಲ್ ಸನ್ನೆ ಮುಂದಿದ್ದಾಗ ಮೀಟರ್ ತೋರಿಸಬೇಕಾದದ್ದು 54ರಿಂದ 60 ಪಿಎಸ್‌ಐ. ಸನ್ನೆಯನ್ನು ಪೂರ್ತಿ ಹಿಂದಕ್ಕೆ ಸರಿಸಿದಾಗ 90ರಿಂದ 96.

ಸರಳು ಕಳಚಿಕೊಂಡರೆ, ಅಥವಾ ಕಾರ್ಬ್ಯುರೇಟರ್ ಬದಲಿಸಿದ ಉತ್ಸಾಹಿಯೊಬ್ಬ ಅದನ್ನು ಸಿಕ್ಕಿಸದೆ ಬಿಟ್ಟರೆ, ಏನಾಗುತ್ತದೆ ಎಂಬುದು ಈ ಅಂಕಿಗಳಲ್ಲೇ ಇದೆ. ಎಂಜಿನ್ ಪೂರ್ಣ ಬಲ ಸುರಿಯುತ್ತಿದ್ದರೂ ಕ್ಲಚ್ ಪ್ಲೇಟುಗಳ ಮೇಲಿನ ಹಿಡಿತ ಮೆಲ್ಲಗೆ ಹೋಗುವ ಕಾರಿನದ್ದೇ. ಗೇರುಗಳು ಬೇಗ ಬೇಗ, ಜರ್ಕ್ ಇಲ್ಲದೆ ಏರುತ್ತವೆ. ಮಾಲೀಕನಿಗೆ ಅದು ಹಿತವಾಗಿಯೇ ಇರುತ್ತದೆ. ಒಳಗೆ ಪ್ಲೇಟುಗಳು ಜಾರಿ, ಕಾದು, ಸುಡುತ್ತಿರುತ್ತವೆ. 426 ಹೆಮಿ, 440ರಂಥ ದೈತ್ಯ ಎಂಜಿನ್‌ಗಳ ಹಿಂದೆ ನಿಂತು ಹೆಸರು ಮಾಡಿದ ಗೇರ್‌ಬಾಕ್ಸ್, ಒಂದು ಪುಟ್ಟ ಕ್ಲಿಪ್ ಬಿದ್ದುಹೋದದ್ದಕ್ಕೆ ಸೋಲುತ್ತಿತ್ತು. ಉಲ್ಟಾ ತಪ್ಪು ಅಷ್ಟು ದುಬಾರಿಯಲ್ಲ: ಸರಳು ಅಗತ್ಯಕ್ಕಿಂತ ಮುಂಚೆ ಒತ್ತುತ್ತಿದ್ದರೆ ಗೇರುಗಳು ತಡವಾಗಿ, ಒದ್ದಂತೆ ಬೀಳುತ್ತವೆ. ಚಾಲಕನಿಗೆ ಕಿರಿಕಿರಿ, ಯಂತ್ರ ಬದುಕುತ್ತದೆ.

ಜನರಲ್ ಮೋಟಾರ್ಸ್ 1964ರ ಟರ್ಬೊ ಹೈಡ್ರಾ-ಮ್ಯಾಟಿಕ್ 400ರಲ್ಲಿ ಬೇರೆ ದಾರಿ ಹಿಡಿಯಿತು. ಎಂಜಿನ್ನಿನ ದುಡಿಮೆಯನ್ನು ಅಳೆಯುವ ಕೆಲಸ, ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಉಂಟಾಗುವ ನಿರ್ವಾತವನ್ನು ಗ್ರಹಿಸುವ ವ್ಯಾಕ್ಯೂಮ್ ಮಾಡ್ಯುಲೇಟರಿನದು. ಕಿಕ್‌ಡೌನ್‌ಗೆ ಮಾತ್ರ ಒಂದು ವಿದ್ಯುತ್ ಸ್ವಿಚ್. ಆನಂತರದ 350ರಲ್ಲಿ ಸ್ವಿಚ್ಚಿನ ಜಾಗಕ್ಕೆ ಕೇಬಲ್ ಬಂದರೂ ತತ್ವ ಅದೇ. ಫೋರ್ಡಿನ ಸಿ4 ಮತ್ತು ಸಿ6ರಲ್ಲೂ ವ್ಯಾಕ್ಯೂಮೇ ಯಜಮಾನ, ಸರಳು ಪೆಡಲ್ ನೆಲ ಮುಟ್ಟುವ ಹೊತ್ತಿಗಷ್ಟೇ ಕೆಲಸಕ್ಕೆ ಇಳಿಯುವ ಆಳು. ಈ ವಿನ್ಯಾಸದ ಜಾಣತನ ಅದು ಕೆಡುವ ದಿಕ್ಕಿನಲ್ಲಿದೆ. ಎಂಜಿನ್ನಿನ ಮೇಲೆ ಹೊರೆ ಬಿದ್ದಾಗ ವ್ಯಾಕ್ಯೂಮ್ ಇಳಿಯುತ್ತದೆ. ಹಾಗಾಗಿ ಮಾಡ್ಯುಲೇಟರಿಗೆ ವ್ಯಾಕ್ಯೂಮ್ ತರುವ ಕೊಳವೆ ಬಿಟ್ಟುಹೋದರೆ ಗೇರ್‌ಬಾಕ್ಸ್ ಭಾರಿ ಹೊರೆಯಿದೆಯೆಂದು ತಿಳಿದು ಒತ್ತಡ ಏರಿಸುತ್ತದೆ. ಶಿಫ್ಟ್‌ಗಳು ಗಡಸಾಗುತ್ತವೆ, ಕ್ಲಚ್ ಉಳಿಯುತ್ತದೆ. ಈ ಕಾರುಗಳಲ್ಲಿ ಕಿಕ್‌ಡೌನ್ ಕೊಂಡಿ ಇಲ್ಲದೆ ವರ್ಷಗಟ್ಟಲೆ ಓಡಿಸಿದರೂ ಕಳೆದುಕೊಳ್ಳುವುದು ಓವರ್‌ಟೇಕ್ ಮಾಡುವ ಚುರುಕನ್ನು ಮಾತ್ರ. ಅದೇ ಧೈರ್ಯವನ್ನು ಕ್ರೈಸ್ಲರ್ ಪೆಟ್ಟಿಗೆಯ ಮೇಲೆ ತೋರಿಸಿದವರು ಕೈ ಸುಟ್ಟುಕೊಂಡರು.

ಇಂಧನ ಬಿಕ್ಕಟ್ಟಿನ ನಂತರ ನಾಲ್ಕನೆಯ ಓವರ್‌ಡ್ರೈವ್ ಗೇರ್ ಬೇಕಾದಾಗ ಅಮೆರಿಕದ ತಯಾರಕರು ವ್ಯಾಕ್ಯೂಮ್ ಬಿಟ್ಟು ಮತ್ತೆ ಥ್ರಾಟಲ್ ಕೊಂಡಿಗೇ ಮರಳಿದರು: 1980ರ ಫೋರ್ಡ್ ಎಒಡಿ, 1982ರ ಜನರಲ್ ಮೋಟಾರ್ಸ್ 700-ಆರ್4. ಅದರೊಂದಿಗೆ ಹಳೆಯ ಅಪಾಯವೂ ಮರಳಿತು. ಎಒಡಿಯ ಕೇಬಲ್ ತುದಿಯಲ್ಲಿದ್ದ ಚಿಕ್ಕ ಬುಷ್ ಸವೆದು ಉದುರಿದರೆ ಒತ್ತಡದ ಲೆಕ್ಕವೇ ತಪ್ಪುತ್ತಿತ್ತು. 700-ಆರ್4ರಲ್ಲಿ ಕೇಬಲ್ ಹೊಂದಿಸುವ ಕೆಲಸ ಸರಳ: ಬೀಗದ ಗುಂಡಿ ಒತ್ತಿ ಕೇಬಲನ್ನು ಹಿಂದಕ್ಕೆ ಸರಿಸಿ, ಥ್ರಾಟಲನ್ನು ಒಮ್ಮೆ ಪೂರ್ತಿ ತೆರೆದರೆ ಅದು ತಾನೇ ಸರಿಯಾದ ಹಲ್ಲಿಗೆ ಕೂರುತ್ತದೆ. ಹೊಸ ಕಾರ್ಬ್ಯುರೇಟರ್ ಹಾಕಿದಾಗ ಮಾತ್ರ ಇದೂ ಸಾಲದು. ಥ್ರಾಟಲ್ ಸನ್ನೆಯ ಉದ್ದ, ಕೋನ ಬೇರೆಯಾದರೆ ಪೂರ್ಣ ತುಳಿತದಲ್ಲಿ ಸರಿಯಿರುವ ಕೇಬಲ್ ನಡುವಿನ ತುಳಿತದಲ್ಲಿ ಹಿಂದೆ ಬೀಳುತ್ತದೆ. ಊರೊಳಗಿನ ಓಡಾಟವೆಲ್ಲ ಆ ನಡುವಿನಲ್ಲೇ ಅಲ್ಲವೇ? ಕೋನ ಸರಿಪಡಿಸುವ ಸಣ್ಣ ತಗಡಿನ ತುಂಡುಗಳಿಗೆ ಅಮೆರಿಕದ ಬಿಡಿಭಾಗದ ಅಂಗಡಿಗಳಲ್ಲಿ ಇಂದಿಗೂ ಗಿರಾಕಿಗಳಿರುವುದು ಇದಕ್ಕಾಗಿಯೇ.

ಎಲೆಕ್ಟ್ರಾನಿಕ್ಸ್ ಬಂದ ಕೂಡಲೇ ಕೊಂಡಿ ಮಾಯವಾಯಿತು ಎನ್ನುವುದು ಅರ್ಧ ಸತ್ಯ. 1993ರಲ್ಲಿ 700-ಆರ್4ರ ವಾರಸುದಾರ 4ಎಲ್60-ಇ ಕೇಬಲನ್ನು ಪೂರ್ತಿ ಕೈಬಿಟ್ಟಿತು, ನಿಜ. ಆದರೆ 1987ರಲ್ಲಿ ಜೀಪ್ ಚೆರೋಕಿಗೆ ಬಂದ ಎಡಬ್ಲ್ಯು4ರಲ್ಲಿ ಗೇರ್ ಬದಲಿಸುವ ತೀರ್ಮಾನ ಕಂಪ್ಯೂಟರಿನದಾದರೂ ತೈಲದ ಒತ್ತಡ ಕೇಬಲಿನ ಮಾತನ್ನೇ ಕೇಳುತ್ತಿತ್ತು. ಟಾರ್ಕ್‌ಫ್ಲೈಟ್ ವಂಶದ 46ಆರ್‌ಇಯಲ್ಲಿ ಗವರ್ನರ್ ಒತ್ತಡವನ್ನು ಎಲೆಕ್ಟ್ರಾನಿಕ್ಸ್ ವಹಿಸಿಕೊಂಡಿತು, ಥ್ರಾಟಲ್ ಒತ್ತಡವನ್ನಲ್ಲ. ಹೀಗಾಗಿ ಡಾಡ್ಜ್ ಪಿಕಪ್‌ಗಳಲ್ಲಿ ಹೊಸ ಶತಮಾನದ ಮೊದಲ ವರ್ಷಗಳಲ್ಲೂ ಮೆಕ್ಯಾನಿಕ್‌ಗಳು ಕಂಪ್ಯೂಟರಿನ ದೋಷಸಂಕೇತ ಓದುವ ಮೊದಲು ಬಾನೆಟ್ ಎತ್ತಿ ಕೇಬಲ್ ಎಳೆದು ನೋಡಬೇಕಾಗುತ್ತಿತ್ತು.