ದೇವರ ಕಾಡಿನ ಪಹಣಿ ಯಾರ ಹೆಸರಲ್ಲಿದೆ?

ಅಶೋಕ ಮರ ಅಂದ ಕೂಡಲೇ ಬೆಂಗಳೂರಿನ ಕಾಂಪೌಂಡುಗಳ ಪಕ್ಕ ನೆಟ್ಟಗೆ ನಿಂತಿರೋ ಮರ ನೆನಪಾಗುತ್ತೆ ಅಲ್ವಾ? ಅದು ಅಸಲಿ ಅಶೋಕ ಅಲ್ಲ. ಅಶೋಕಾರಿಷ್ಟಕ್ಕೆ ತೊಗಟೆ ಕೊಡುವ ಸೀತಾ ಅಶೋಕ ಪಶ್ಚಿಮ ಘಟ್ಟದ ನೆರಳು, ತೇವ ಬೇಡುವ ಮರ. ಕಾಡಿನಲ್ಲಿ ಅದು ಅಪರೂಪವಾದಂತೆ ಔಷಧಿ ಬಜಾರಿನಲ್ಲಿ ಬೇರೆ ಮರಗಳ ತೊಗಟೆ ಕಲಬೆರಕೆಯಾಗ್ತಿದೆ. ಇಂಥ ಗಿಡಮರಗಳಿಗೆ ಆಸರೆಯಾಗಿದ್ದು ಮಲೆನಾಡಿನ ಕಾನು, ಕೊಡಗಿನ ದೇವರಕಾಡು, ಕರಾವಳಿಯ ನಾಗಬನ. ಅವು ಯಾಕೆ ಕರಗಿದವು? ಜನರಿಗೆ ದೇವರ ಭಯ ಹೋಯ್ತು ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಇತಿಹಾಸ ಬೇರೆಯೇ ಹೇಳುತ್ತೆ.

1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಬುಕಾನನ್ ಉತ್ತರ ಕನ್ನಡದಲ್ಲಿ ಓಡಾಡಿದ. ಕಾಡು ಊರದೇವರದ್ದು, ಮರ ಕಡಿಯೋಕೆ ಪೂಜಾರಿಯೂ ಆಗಿದ್ದ ಊರಗೌಡನ ಅಪ್ಪಣೆ ಬೇಕು, ಕೇಳದೆ ಕಡಿದರೆ ದೇವರು ಸುಮ್ಮನಿರಲ್ಲ ಅನ್ನೋ ಮಾತನ್ನು ದಾಖಲಿಸಿದ. ಜೊತೆಗೆ ತನ್ನದೊಂದು ಷರಾ ಸೇರಿಸಿದ: ಇದೆಲ್ಲ ಸರ್ಕಾರಕ್ಕೆ ಆಸ್ತಿ ಸಿಗದಂತೆ ಹೂಡಿದ ಉಪಾಯ!

ಗಮನಿಸಿ, ಕಡಿಯಲೇಬಾರದು ಅಂತಿರಲಿಲ್ಲ, ಕೇಳಿ ಕಡಿ ಅಂತಿತ್ತು. ಕಾನಿನಿಂದ ಊರವರು ಕಾಳುಮೆಣಸು ಕೊಯ್ದುಕೊಳ್ತಿದ್ರು. ನಮ್ಮ ಸಾಫ್ಟ್‌ವೇರ್ ಭಾಷೇಲಿ ಹೇಳೋದಾದ್ರೆ, ಪರ್ಮಿಷನ್ ಕೊಡೋ ಅಡ್ಮಿನ್ ಊರಲ್ಲೇ ಇದ್ದ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಕೊಟ್ಟ ವರದಿಯಲ್ಲಿ ಸೊರಬ ತಾಲೂಕೊಂದರಲ್ಲೇ 171 ಕಾನುಗಳ ಲೆಕ್ಕ ಸಿಗುತ್ತೆ. ಆಮೇಲೆ ಬಂದ ಅರಣ್ಯ ಕಾನೂನುಗಳು ಹಿಡಿದದ್ದು ಬುಕಾನನ್‌ನ ದಾರಿಯನ್ನೇ: ಕಾಡು ಸರ್ಕಾರದ್ದು. ದೇವರದ್ದೆಂದು ಊರು ಮುಟ್ಟದೆ ಬಿಟ್ಟಿದ್ದ ಕಾನಿನ ಮರಗಳೂ ಮುಂದೆ ಪ್ಲೈವುಡ್‌ಗೆ ಹೋದವು.

ಕೊಡಗಿನ ಲೆಕ್ಕ ಇನ್ನೂ ಸ್ಪಷ್ಟ. 1905ರಲ್ಲಿ 15,506 ಎಕರೆಯಿದ್ದ ದೇವರಕಾಡುಗಳು ಕಂದಾಯ ಇಲಾಖೆಯ ಕೈಗೆ ಹೋದವು. 1985ರಲ್ಲಿ ಅರಣ್ಯ ಇಲಾಖೆಗೆ ವಾಪಸ್ ಬರುವಾಗ ಉಳಿದಿದ್ದು 6,299 ಎಕರೆ. ಒತ್ತುವರಿಯಾದ ಜಾಗದಲ್ಲಿ ಕಾಫಿ ಬಂತು. ಆದರೆ ದೇವರಕಾಡಿನ ಹಬ್ಬಗಳು ನಿಂತಿಲ್ಲ. ಅಂದ್ರೆ ಭಕ್ತಿ ಉಳೀತು, ಕಾಡು ಉಳೀಲಿಲ್ಲ. ಬದಲಾಗಿದ್ದು ಕಾಯುವವರ ಅಧಿಕಾರ.

ಉಳಿದಿದ್ದರ ಬೆಲೆ ನೋಡಬೇಕಾದ್ರೆ ಸಿದ್ದಾಪುರದ ಕತ್ತಲೆಕಾನಿಗೆ ಬನ್ನಿ. ರಾಮಪತ್ರೆಯ ಬಳಗದ ಮರಗಳು ಬೇರನ್ನು ಮೇಲೆತ್ತಿ ನಿಂತಿರೋ ಜೌಗು ನೆಲ ಅದು. 2000ದಲ್ಲಿ ಅಲ್ಲಿಂದ ವಿಜ್ಞಾನಕ್ಕೆ ಹೊಸ ಮರವೊಂದು ಸಿಕ್ಕಿತು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಆಯುರ್ವೇದದ ಭಲ್ಲಾತಕದ ಕುಲದ್ದು. ಅದಕ್ಕೆ ಏನು ಗುಣ ಇದೆ ಅಂತ ತಿಳಿಯೋ ಮೊದಲೇ ಕಾನು ಕಡಿದಿದ್ರೆ?

ಅಧಿಕಾರ ಊರಿಗೆ ಮರಳೋಕೆ ಒಂದು ದಾರಿ ಕಾಗದದಲ್ಲಂತೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯ್ತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮೂಲಿಕೆ, ಅವುಗಳ ಬಳಕೆ ಎಲ್ಲ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರಬೇಕು. ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಪಂಚಾಯ್ತಿ ಆಫೀಸಿನಲ್ಲಿ ಆ ದಾಖಲೆ ಕೇಳಿ ನೋಡಿ. ಮದ್ದು ಕೊಡೋ ಅಜ್ಜಿಗೆ ಗೊತ್ತಿರೋ ಗಿಡಗಳಲ್ಲಿ ಎಷ್ಟು ಅದರಲ್ಲಿವೆ ಅಂತ ಅವರ ಹತ್ರಾನೇ ಕೂತು ತಾಳೆ ಹಾಕಿ.