ಎಂಬತ್ತು ಅಕ್ಷರದ ಸಾಲು

ದೂರದ ಗಣಕಕ್ಕೆ ಆಜ್ಞೆ ಕೊಡಲು ಬಳಸುವ ಪುಟ್ಟಿ ತಂತ್ರಾಂಶದ ಸೆಟ್ಟಿಂಗ್‌ಗಳಲ್ಲಿ, ಬ್ಯಾಕ್‌ಸ್ಪೇಸ್ ಒತ್ತಿದಾಗ ಯಾವ ಸಂಕೇತ ಹೋಗಬೇಕೆಂದು ಕೇಳುವ ಜಾಗವೊಂದಿದೆ: ಕಂಟ್ರೋಲ್-ಎಚ್ ಅಥವಾ 127. ಹೊಸಬರಿಗೆ ಇದು ಬರೀ ಕಿರಿಕಿರಿ. ನನಗೆ ಮಾತ್ರ ಇಂಥ ಆಯ್ಕೆಗಳು, ಪರಸ್ಪರ ಪರಿಚಯವೇ ಇಲ್ಲದ ಯಂತ್ರಗಳು ಮಾತಾಡಲು ಮಾಡಿಕೊಂಡ ಹಳೆಯ ಕರಾರುಗಳಾಗಿ ಕಾಣುತ್ತವೆ. 127ನ್ನೇ ನೋಡಿ. ಟೆಲಿಟೈಪ್ ಕಾಲದಲ್ಲಿ ಅಕ್ಷರಗಳು ಕಾಗದದ ಪಟ್ಟಿಯ ಮೇಲೆ ತೂತುಗಳಾಗಿ ಮೂಡುತ್ತಿದ್ದವು. ಬಿದ್ದ ತೂತನ್ನು ಮುಚ್ಚಲಾಗದು. ಹಾಗಾಗಿ ತಪ್ಪಾದ ಕಡೆ ಏಳೂ ಜಾಗಗಳನ್ನು ಕೊರೆದುಬಿಡುತ್ತಿದ್ದರು, ಅದನ್ನು ಲೆಕ್ಕಕ್ಕೆ ಹಿಡಿಯಬಾರದೆಂಬುದು ಕರಾರು. ಏಳೂ ತೂತು ಸೇರಿದರೆ 127. ಹೊಸ ಸಾಲಿಗೆ ಎರಡು ಸಂಕೇತ ಇರುವುದೂ ಹೀಗೆಯೇ: ಅಚ್ಚಿನ ತಲೆ ಎಡಕ್ಕೆ ಮರಳುವುದು ಒಂದು ಚಲನೆ, ಕಾಗದ ಮೇಲೇರುವುದು ಇನ್ನೊಂದು. ಸಾಲಿನ ಅಗಲಕ್ಕೂ ಇಂಥದೇ ಹಿನ್ನೆಲೆ: ಐಬಿಎಂ 1928ರಲ್ಲಿ ತಂದ ಪಂಚ್ ಕಾರ್ಡಿನಲ್ಲಿ 80 ಅಕ್ಷರಗಳಿಗೆ ಜಾಗವಿತ್ತು. 1978ರ ವಿಟಿ100 ಪರದೆ ಸಾಲಿಗೆ 80 ಅಕ್ಷರ, ಒಟ್ಟು 24 ಸಾಲು ತೋರಿಸಿತು. ಪುಟ್ಟಿ ಇಂದೂ ಅದೇ ಅಳತೆಯಲ್ಲಿ ತೆರೆದುಕೊಳ್ಳುತ್ತದೆ.

ಯಂತ್ರಗಳೇ ಗುಜರಿ ಸೇರಿದ ಮೇಲೆ ಅವುಗಳ ಅಭ್ಯಾಸ ಏಕೆ ಹೊರಬೇಕು ಎಂದು ಕೇಳಬಹುದು. ಇಂಟರ್ನೆಟ್‌ಗೆ ಮೊದಲಿನ ಜಾಲವಾದ ಆರ್ಪಾನೆಟ್‌ನಲ್ಲಿ ಒಂದೊಂದು ಕೇಂದ್ರದ ಗಣಕವೂ ಒಂದೊಂದು ಬಗೆ. 1983ರ ಆರ್‌ಎಫ್‌ಸಿ 854ರಲ್ಲಿ ನೆಲೆಗೊಂಡ, ದೂರದ ಗಣಕದೊಡನೆ ಮಾತಾಡುವ ಟೆಲ್‌ನೆಟ್ ನಿಯಮಾವಳಿ, ಎಲ್ಲೂ ಇಲ್ಲದ ಒಂದು ಕಲ್ಪಿತ ಟರ್ಮಿನಲ್ಲನ್ನು ನಡುವೆ ಇಟ್ಟಿತು. ಅದಕ್ಕಿಂತ ಹೆಚ್ಚಿನದು ಬೇಕಾದರೆ ಎರಡೂ ಕಡೆಯವರು ‘ಮಾಡುತ್ತೇನೆ’, ‘ಮಾಡಲಾರೆ’ ಎಂದು ಕೇಳಿ ಹೇಳಿ ಒಪ್ಪಬೇಕಿತ್ತು. ಅಂಥ ಒಪ್ಪಿಗೆಯನ್ನು ಒಂದು ಕಡೆಯವರೇ ಮುರಿದರೆ ಮಾತು ನಿಲ್ಲುತ್ತದೆ. ಹಾಗೆಂದು ಹಳೆಯದನ್ನೆಲ್ಲ ಕಣ್ಣುಮುಚ್ಚಿ ಉಳಿಸಿಕೊಂಡರೆಂದಲ್ಲ. ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ತೆರೆದ ಅಂಚೆಕಾರ್ಡಿನಂತೆ ಸಾಗುತ್ತಿತ್ತು. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳು ಕಳವಾದ ಬೆನ್ನಿಗೇ ಅಲ್ಲಿನ ಸಂಶೋಧಕ ತಾತು ಯುಲೊನೆನ್ ಟೆಲ್‌ನೆಟ್ ಬದಲಿಗೆ ಎಸ್‌ಎಸ್‌ಎಚ್ ಬರೆದರು. ಎಫ್‌ಟಿಪಿಯ 21, ಟೆಲ್‌ನೆಟ್‌ನ 23ರ ನಡುವೆ ಖಾಲಿಯಿದ್ದ 22ನೆಯ ಪೋರ್ಟನ್ನು ಕೇಳಿ ಪಡೆದರು. ಇಲ್ಲಿ ಗಮನಿಸಬೇಕಾದದ್ದು ಅವರು ಏನನ್ನು ಉಳಿಸಿಕೊಂಡರು ಎಂಬುದು. ದಾರಿಗೆ ಗೂಢಲಿಪಿಯ ಕಾವಲು ಬಂತು. ಒಳಗೆ ಇಂದಿಗೂ ಟರ್ಮಿನಲ್ಲಿನ ಹೆಸರು, ಅಗಲ, ಸಾಲುಗಳ ಸಂಖ್ಯೆಯೇ ಆಚೆ ಕಡೆಗೆ ಹೋಗುತ್ತವೆ. ಅಪಾಯವಿದ್ದುದು ಬದಲಾಯಿತು, ಕರಾರು ಉಳಿಯಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಈ ಕರಾರು ಬರೆದವರ ಕಣ್ಣ ಮುಂದೆ ಇದ್ದದ್ದು ಇಂಗ್ಲಿಷ್. ಪರದೆಯ ಒಂದು ಮನೆಗೆ ಒಂದು ಅಕ್ಷರ ಎಂಬ ಲೆಕ್ಕ ಕನ್ನಡಕ್ಕೆ ಒಗ್ಗುವುದಿಲ್ಲ. 1992ರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ರೂಪಿಸಿದ ಯುಟಿಎಫ್-8ರಿಂದ ನಮ್ಮ ಲಿಪಿ ತಂತಿಯ ಮೇಲೆ ಕೆಡದೆ ಹೋಗುವಂತಾಯಿತು, ನಿಜ. ಆದರೆ ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಯುನಿಕೋಡ್‌ಗೆ ಆರು ಸಂಕೇತ, 18 ಬೈಟ್. ಅದು ಪರದೆಯಲ್ಲಿ ಎಷ್ಟು ಮನೆ ಹಿಡಿಯುತ್ತದೆಂದು ಈಚೆಯ ಟರ್ಮಿನಲ್ ಒಂದು ಲೆಕ್ಕ ಹಾಕಿ, ಆಚೆಯ ಗಣಕ ಇನ್ನೊಂದು ಹಾಕಿದರೆ ಕರ್ಸರ್ ದಾರಿ ತಪ್ಪುತ್ತದೆ, ಅಳಿಸಿದ್ದು ಉಳಿಯುತ್ತದೆ, ಒತ್ತಕ್ಷರ ಒಡೆಯುತ್ತದೆ. ಇದು ಕರಾರುಗಳನ್ನೇ ಕಿತ್ತೆಸೆಯಲು ಕಾರಣವಲ್ಲ. ಟೆಲ್‌ನೆಟ್ ತೋರಿದಂತೆ ಎರಡೂ ಕಡೆಯವರು ಅಕ್ಷರದ ಅಗಲವನ್ನು ಕೇಳಿ ಒಪ್ಪಿಕೊಳ್ಳುವ ಹೊಸ ಕಲಮು ಅವುಗಳಿಗೆ ಸೇರಬೇಕು. ಒತ್ತಕ್ಷರದ ಲಿಪಿಗಳಲ್ಲಿ ದಿನವೂ ಬರೆಯುವವರು ಅದನ್ನು ರಚಿಸುವಾಗ ಮೇಜಿನ ಬಳಿ ಇರಬೇಕು.