ತೃಪ್ತಿ ಮತ್ತು ಗ್ರಹಿಕೆ: ಕ್ಲಿನಿಕಲ್ ಟ್ರಯಲ್‌ಗಳಲ್ಲಿ ಶುಶ್ರೂಷಕರ ಸಂವಹನ

ಆಸ್ಪತ್ರೆಯ ಸೇವೆಯನ್ನು ರೋಗಿಯ ಅನುಭವದಿಂದ ಅಳೆಯುವ ಕ್ರಮಗಳಲ್ಲಿ ಅಮೆರಿಕದ ಎಚ್‌ಕ್ಯಾಪ್ಸ್ ಸಮೀಕ್ಷೆ ಮುಖ್ಯವಾದುದು. 2006ರಲ್ಲಿ ರಾಷ್ಟ್ರಮಟ್ಟದಲ್ಲಿ ಜಾರಿಗೆ ಬಂದ ಇದರ ಫಲಿತಾಂಶಗಳು 2008ರಿಂದ ಸಾರ್ವಜನಿಕವಾಗಿ ಪ್ರಕಟವಾಗುತ್ತಿವೆ. ಶುಶ್ರೂಷಕರು ಗೌರವದಿಂದ ನಡೆದುಕೊಂಡರೇ, ಗಮನವಿಟ್ಟು ಕೇಳಿಸಿಕೊಂಡರೇ, ಅರ್ಥವಾಗುವಂತೆ ವಿವರಿಸಿದರೇ ಎಂಬ ಮೂರು ಪ್ರಶ್ನೆಗಳು ಅದರಲ್ಲಿವೆ. ಈ ಉತ್ತರಗಳಿಗೂ ರೋಗಿ ಆಸ್ಪತ್ರೆಗೆ ಕೊಡುವ ಒಟ್ಟಾರೆ ಅಂಕಕ್ಕೂ ನಿಕಟ ಸಂಬಂಧವಿರುವುದನ್ನು ಅಧ್ಯಯನಗಳು ಗುರುತಿಸಿವೆ. ಆದರೆ ವಾರ್ಡಿನ ಈ ಅಳತೆಗೋಲು ಕ್ಲಿನಿಕಲ್ ಟ್ರಯಲ್‌ಗೂ ಸಾಕಾಗುತ್ತದೆಯೇ?

ವಾರ್ಡಿನಲ್ಲಿ ಔಷಧದ ಪ್ರಮಾಣವನ್ನು ರೋಗಿಯ ಸ್ಥಿತಿ ನೋಡಿ ಬದಲಿಸುತ್ತಾರೆ. ಟ್ರಯಲ್‌ನಲ್ಲಿ ಅದನ್ನು ಬಹುಮಟ್ಟಿಗೆ ಪ್ರೋಟೊಕಾಲ್ ನಿರ್ಧರಿಸುತ್ತದೆ. ಸಂಶೋಧನೆಯನ್ನು ತಮಗಾಗಿಯೇ ರೂಪಿಸಿದ ಚಿಕಿತ್ಸೆಯೆಂದು ಭಾಗಿದಾರರು ನಂಬುವುದನ್ನು ಆಪಲ್‌ಬಾಮ್, ರಾತ್ ಮತ್ತು ಲಿಡ್ಜ್ 1982ರಲ್ಲಿ ಗುರುತಿಸಿದರು. ಇದನ್ನು ಚಿಕಿತ್ಸಾಭ್ರಮೆ ಎನ್ನಬಹುದು. ಪ್ರತಿ ಭೇಟಿಯಲ್ಲೂ ಅಕ್ಕರೆಯಿಂದ ವಿಚಾರಿಸಿಕೊಂಡು ರಕ್ತ ತೆಗೆಯುವ ಸಿಸ್ಟರ್ ಮೇಲಿನ ವಿಶ್ವಾಸ ಈ ಭ್ರಮೆಗೆ ನೀರೆರೆಯುವ ಸಾಧ್ಯತೆಯಿದೆ. ಹಾಗಾದಾಗ ತೃಪ್ತಿ ಹೆಚ್ಚಿದ್ದೂ ಗ್ರಹಿಕೆ ಕಡಿಮೆಯಿರಬಹುದು.

ಭ್ರಮೆಯನ್ನು ಕಳೆಯುವ ದಾರಿಯೂ ಮಾತೇ. ತಿಳಿವಳಿಕೆಯುಕ್ತ ಸಮ್ಮತಿಯನ್ನು ಸುಧಾರಿಸುವ ಉಪಾಯಗಳ ಬಗೆಗಿನ 42 ಪ್ರಯೋಗಗಳನ್ನು ಫ್ಲೋರಿ ಮತ್ತು ಇಮ್ಯಾನ್ಯುಯೆಲ್ 2004ರಲ್ಲಿ ಪರಿಶೀಲಿಸಿದರು. ವಿಡಿಯೊ, ತಿದ್ದಿದ ನಮೂನೆಗಳಿಗಿಂತ ಅಧ್ಯಯನ ತಂಡದವರೊಬ್ಬರು ಎದುರು ಕುಳಿತು ಹೆಚ್ಚು ಹೊತ್ತು ಮಾತಾಡುವುದೇ ಗ್ರಹಿಕೆಗೆ ಹೆಚ್ಚು ನೆರವಾಗುವಂತೆ ಕಂಡಿತು. ಈ ಕೆಲಸಕ್ಕೆ ಶುಶ್ರೂಷಕರು ಸಹಜವಾಗಿಯೇ ಹತ್ತಿರದವರು.

ಭಾರತದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಹೊಸ ರಾಸಾಯನಿಕ ಔಷಧಗಳ ಟ್ರಯಲ್‌ನಲ್ಲಿ ದುರ್ಬಲ ಭಾಗಿದಾರರ ಸಮ್ಮತಿ ಪ್ರಕ್ರಿಯೆಯನ್ನು ಧ್ವನಿ-ದೃಶ್ಯ ಮುದ್ರಿಸಿಕೊಳ್ಳಬೇಕು. ವಿವರಣೆ ನಡೆಯಿತೆಂಬುದಕ್ಕೆ ಮುದ್ರಣ ಸಾಕ್ಷಿಯಾದೀತು. ಅದು ಮನಸ್ಸಿಗೆ ಇಳಿಯಿತೇ ಎಂಬುದನ್ನು ಕೇಳಿಯೇ ತಿಳಿಯಬೇಕು. ಕನ್ನಡದ ಸಮ್ಮತಿಪತ್ರದಲ್ಲಿ 'ಯಾದೃಚ್ಛಿಕ ಹಂಚಿಕೆ' ಎಂದು ಓದಿ ತಲೆಯಾಡಿಸಿದವರಿಗೆ, "ಯಾವ ಔಷಧಿ ಅಂತ ಡಾಕ್ಟರು ಆರಿಸೋದಿಲ್ಲ, ಚೀಟಿ ಎತ್ತಿದ ಹಾಗೆ" ಎಂದರೆ ವಿಷಯ ನಿಲುಕುತ್ತದೆ.

ಆದ್ದರಿಂದ ಟ್ರಯಲ್‌ಗಳಲ್ಲಿ ತೃಪ್ತಿಯ ಪ್ರಶ್ನೆಗಳ ಜೊತೆಗೆ ಗ್ರಹಿಕೆಯ ಪರೀಕ್ಷೆಯೂ ಇರಬೇಕು. ತಮ್ಮ ಗುಂಪನ್ನು ಯಾರು ನಿರ್ಧರಿಸುತ್ತಾರೆ, ಯಾವ ತಪಾಸಣೆಗಳು ಸಂಶೋಧನೆಗಾಗಿಯೇ ನಡೆಯುತ್ತವೆ, ನಡುವೆ ಬಿಟ್ಟರೆ ಮಾಮೂಲಿ ಚಿಕಿತ್ಸೆಗೆ ಅಡ್ಡಿಯಿದೆಯೇ ಎಂಬುದನ್ನು ಭಾಗಿದಾರರು ತಮ್ಮದೇ ಮಾತಿನಲ್ಲಿ ಹೇಳಬೇಕು. ಸಹಿಯ ದಿನ ಮಾತ್ರವಲ್ಲ, ಮುಂದಿನ ಭೇಟಿಗಳಲ್ಲೂ ಇದನ್ನು ಕೇಳಬೇಕು. ಎರಡೂ ಅಂಕಗಳು ಒಟ್ಟಿಗೆ ಏರದಿದ್ದರೆ ತೃಪ್ತಿಯೊಂದನ್ನೇ ಸಂವಹನದ ಯಶಸ್ಸೆಂದು ವರದಿ ಮಾಡುವುದು ಸಲ್ಲದು.